ಕೆಂಪು ಸೊನ್ನೆಗಳು

ಕಲ್ಲಿನಾಥ ಅಂಕಲ್,

ಇವತ್ತು ನಮ್ಮ ಪ್ಲಿಮತ್‌ನಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಶಿಕಾಗೋದ ಮ್ಯೂಸಿಯಂ ಒಂದಕ್ಕೆ ಹೋಗಿದ್ದೆ. ನೀವು ಯಾರ ಪದ್ಯಗಳಿಗೆ ಜಪಾನಿಯಿಂದ ಅರ್ಥ ಹೇಳಿ ನನ್ನಿಂದ ಕನ್ನಡಕ್ಕೆ ಬರೆಸುತ್ತಿದ್ದಿರಲ್ಲ, ಮುನ್ನೂರು ವರ್ಷದ ಹಿಂದಿನ ಆ ಕವಿ-ಪಂಡಿತರು, ಅವರು ಶಿಷ್ಯನೊಬ್ಬನ ಪದ್ಯ ತಿದ್ದಿದ ಹಾಳೆ ಅಲ್ಲಿತ್ತು. ತುಂಬ ಕೆಂಪು ಸೊನ್ನೆಗಳು. ಪಾಪ, ಎಲ್ಲ ತಪ್ಪು ಮಾಡಿದ್ದಾನೆ ಎಂದೆ. ಗೈಡ್ ನಕ್ಕಳು. ಜಪಾನಿನಲ್ಲಿ ಸೊನ್ನೆ ಸುತ್ತಿದರೆ ಗುರುಗಳು ಮೆಚ್ಚಿದರೆಂದೇ ಅರ್ಥವಂತೆ.

ಇಪ್ಪತ್ತು ವರ್ಷ ಜಪಾನಿನಲ್ಲಿದ್ದು ಬಂದವರು ನೀವು. ನನ್ನ ಅನುವಾದದ ಮೇಲೆ ಹನ್ನೊಂದು ಸೊನ್ನೆ ಸುತ್ತಿ, "ತಗೋವಾ ತನ್ಮಯಿ, ಎಲ್ಲಾ ನೋಡೇನಿ" ಎಂದು ಕೊಟ್ಟಿರಿ. ನಾನು ಅದರ ಕೆಳಗೆ "ನಿಮ್ಮ ಧಾರವಾಡದ ಕಿವಿಗೆ ನಮ್ಮ ಮೈಸೂರಿನ ಕನ್ನಡ ಕೇಳಿಸುವುದಿಲ್ಲ" ಎಂದು ಗೀಚಿ, ಹಾಳೆಯನ್ನು ವಾಪಸ್ ಕಳಿಸಿ, ನಿಮ್ಮ ಮನೆಗೆ ಬರುವುದನ್ನೇ ಬಿಟ್ಟೆ. ನೀವು ತೀರಿಕೊಂಡ ಮೇಲೆಯೇ ಮತ್ತೆ ಬಂದದ್ದು.

ಆವತ್ತು ನೀಲಮ್ಮ ಆಂಟಿ, "ನಿನ್ನ ಹೆಸರು ಬರದಿಟ್ಟಾರ ನೋಡವಾ" ಎಂದು ಒಂದು ಫೈಲ್ ಕೊಟ್ಟಿದ್ದರು. ಮ್ಯೂಸಿಯಂನಿಂದ ಬಂದವಳು ಈಗ ಅದನ್ನು ತೆರೆದೆ.

ಆ ಹಾಳೆ ಮೇಲೆಯೇ ಇತ್ತು. ನಾನು ಗೀಚಿದ ಸಾಲಿನ ಪಕ್ಕದಲ್ಲೂ ಒಂದು ಕೆಂಪು ಸೊನ್ನೆ ಸುತ್ತಿದ್ದೀರಿ.