ಗಿನಿಕೋಳಿ ಬಟ್ಟೆಯ ಗಂಟು

ಜೂನ್ 8, ಸೋಮವಾರ

ಬೆಳಿಗ್ಗೆಯೇ ಆಪರೇಷನ್ನಿನ ಕತ್ತರಿ, ಇಕ್ಕಳಗಳ ರಾಶಿ. ಸೋಪುನೀರು, ಬ್ರಷ್ಷು, ಬಟ್ಟೆಯಲ್ಲಿ ಗಂಟು, ಆಮೇಲೆ ಕ್ರಿಮಿ ಕೊಲ್ಲುವ ಆಟೋಕ್ಲೇವಿನ ಹಬೆ. ಈ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ಇದೇ. ನನ್ನ ಕೈಕೆಳಗಿನ ಕಲಿಂಡೆ ಇವತ್ತೂ ಕತ್ತರಿಯ ಕೀಲು ಬಿಚ್ಚದೆ ಉಜ್ಜಿದ್ದ. ಒಳಗೆ ಒಣಗಿದ ರಕ್ತ. "ಇದ್ರಲ್ಲಿ ನಿನ್ನ ಹೆಂಡ್ತಿ ಹೊಟ್ಟೆ ಕೊಯ್ಯಲಿ ಅಂತೀಯಾ?" ಅಂದೆ. ಮುಖ ಸಪ್ಪೆಯಾಯಿತು. ಪಾಪ... ಆದರೂ ಮತ್ತೆ ಉಜ್ಜಿಸಿದೆ.

ಶುಕ್ರವಾರ ಡೊರಿಕಾಗೆ ಸಿಸೇರಿಯನ್. ನನಗಿರುವ ಒಬ್ಬಳೇ ಮಗಳು. ಭಯವಾಗುತ್ತಿದೆ. ಯಾರಿಗೂ ಹೇಳಿಲ್ಲ.

ಜೂನ್ 11, ಗುರುವಾರ

ಸಂತೆಯಲ್ಲಿ ಸೊಂಟಕ್ಕೆ ಸುತ್ತುವ ಎರಡು ಹೊಸ ಚಿಟೆಂಜೆ ಬಟ್ಟೆ ತಂದೆ. ಹಳದಿ ಮೈ, ತುಂಬ ಗಿನಿಕೋಳಿಯ ಚಿತ್ರ. ಒಂದು ಕೂಸನ್ನು ಸುತ್ತಲಿಕ್ಕೆ. ಇನ್ನೊಂದರಲ್ಲಿ ನಾಳೆಯ ಆಪರೇಷನ್ ಸಾಮಾನಿನ ಗಂಟು ಕಟ್ಟಿ ಹಬೆಗೆ ಇಟ್ಟೆ. ಆಸ್ಪತ್ರೆಯ ಹಸಿರು ಬಟ್ಟೆ ಮಾಸಿ ಹೋಗಿದೆ. ನನ್ನ ಮಗಳ ಹತ್ತಿರ ಬರುವುದು ಹೊಸದಾಗಿರಲಿ ಅನ್ನಿಸಿತು.

ಕಲಿಂಡೆ ಏನೋ ಹೇಳಲು ಬಾಯಿ ತೆರೆದ. ಸುಮ್ಮನಿರಪ್ಪ ಅಂದೆ. ಹಸಿರು ಬಟ್ಟೆಯಲ್ಲಿ ಇನ್ನೊಂದು ಗಂಟು ಕಟ್ಟಿ ಅದನ್ನೂ ಹಬೆಗೆ ಇಟ್ಟ. ಒಂದು ಜಾಸ್ತಿ ಇರಲಿ ಅಂದ.

ಜೂನ್ 12, ಶುಕ್ರವಾರ, 9-40

ಥಿಯೇಟರಿನ ಹೊರಗೆ ಕೂತು ಬರೆಯುತ್ತಿದ್ದೇನೆ. ಬರೆದರೆ ಹೊತ್ತು ಹೋದೀತು.

ಗಂಟಿನ ಹೊರಗಿನ, ಹಬೆ ತಾಗಿದರೆ ಕಪ್ಪಾಗುವ ಟೇಪು ಕಪ್ಪಾಗಿತ್ತು, ಸರಿಯಾಗಿಯೇ. ಥಿಯೇಟರಿನಲ್ಲಿ ಬಿಚ್ಚಿದರೆ ಒಳಗಿಟ್ಟ ಅಂಥದೇ ಪಟ್ಟಿ ಬೆಳ್ಳಗೆ ಕೂತಿದೆ. ಹಬೆ ಒಳಗೆ ಹೋಗೇ ಇಲ್ಲ. ಸಿಸ್ಟರ್ ತಂದು ಮುಂದೆ ಹಿಡಿದಳು. ನನ್ನದೇ ಗಿನಿಕೋಳಿಗಳು.

ಒಗೆಯದ ಹೊಸ ಬಟ್ಟೆ. ಗಂಜಿ ಹೋಗಿಲ್ಲ, ಅದೇ ಹಬೆ ತಡೆದಿದೆ. ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನ ನಾನೇ ಹೇಳುವ ಪಾಠ! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಡೊರಿಕಾ ಟೇಬಲ್ ಮೇಲೆ. ನಾನು ಕಂಬದ ಹಾಗೆ ನಿಂತೆ. ಅಷ್ಟರಲ್ಲಿ ಕಲಿಂಡೆ ಹಸಿರು ಗಂಟು ಸಿಸ್ಟರ್ ಕೈಗೆ ಕೊಟ್ಟಿದ್ದ. ಬಾಗಿಲು ಮುಚ್ಚಿತು. ಕಾದೆವು. ಒಳಗಿಂದ ಸಿಸ್ಟರ್ ಕೂಗಿದಳು — ಪಟ್ಟಿ ಕಪ್ಪಾಗಿದೆ, ಶುರು ಮಾಡ್ತೀವಿ.

ಕಲಿಂಡೆ ನೆಲ ನೋಡುತ್ತ ಅಂದ, "ನನ್ನ ಹೆಂಡ್ತಿಗಾದ್ರೂ ಇದನ್ನೇ ಕೊಡ್ತಿದ್ದೆ, ಅಮ್ಮಾ. ಕೀಲೂ ಬಿಚ್ಚಿ ಉಜ್ಜೀನಿ."

11-15

ಹೆಣ್ಣು. ಮೂರು ಕೆಜಿ. ಡೊರಿಕಾ ಚೆನ್ನಾಗಿದ್ದಾಳೆ. ಅತ್ತುಬಿಟ್ಟೆ, ನಕ್ಕೆ, ಕಲಿಂಡೆಯ ಅಂಗಿಗೇ ಮೂಗು ಒರೆಸಿದೆ.

ಜೂನ್ 16, ಮಂಗಳವಾರ

ಡೊರಿಕಾ, ಕೂಸು, ನಾನು ಎಲ್ಲರೂ ಮನೆಗೆ ಬಂದೆವು. ನಿನ್ನೆ ಹೊಸಬರಿಗೆ ಪಾಠ ಮಾಡಿದ್ದು ಕಲಿಂಡೆ. ನನ್ನ ಗಂಟನ್ನೇ ಎತ್ತಿ ತೋರಿಸಿದ. ನಾನು ಹಿಂದೆ ನಿಂತು ಕೇಳಿದೆ. ಚೆನ್ನಾಗಿ ಹೇಳುತ್ತಾನೆ, ನನಗಿಂತ ಚೆನ್ನಾಗಿ. ಇವತ್ತು ಸಂಜೆ ಹೆಂಡತಿಯ ಜೊತೆ ಬಂದು ಬಾಣಂತಿಯ ಗಂಜಿಗೆ ಜೋಳದ ಹಿಟ್ಟು ಕೊಟ್ಟ. ಕೂಸಿನ ಬಟ್ಟೆ ಒಗೆದಿರಾ ಅಂತ ಮುಖ ಗಂಟು ಹಾಕಿ ಕೇಳಿದ.

ಮೂರು ಸಲ ಒಗೆದಿದ್ದೇನೆ ಮಾರಾಯ. ಗಿನಿಕೋಳಿಗಳು ಮೆತ್ತಗಾಗಿ ತಂತಿಯ ಮೇಲೆ ಕೂತಿವೆ. ಒಣಗಿದ್ದರೆ ಈಗಲೇ ಸುತ್ತ— ಮೊಮ್ಮಗಳು ಎದ್ದಳು, ಅಳುತ್ತಿದ್ದಾಳೆ, ಬಂದೆ ತಾಯಿ, ಬಂ