ಮೇಜಿನ ಮೇಲೆ ಹಾಸುವ ಬಟ್ಟೆ

ಬನಹಟ್ಟಿ
೩೦ ಮಾರ್ಚ್ ೧೯೫೪

ಸೊಲ್ಲಾಪುರದಲ್ಲಿರುವ ನನ್ನ ಮನೆಯವರಿಗೆ ಕರುಣವ್ವ ಮಾಡುವ ವಂದನೆಗಳು.

ನಾನು ಕ್ಷೇಮವಾಗಿದ್ದೇನೆ. ನಿಮ್ಮ ಕೆಮ್ಮು ಹೇಗಿದೆ? ಗಿರಣಿಯಲ್ಲಿ ಹತ್ತಿಯ ಧೂಳು ಮೂಗಿಗೆ ಹೋಗದಂತೆ ವಸ್ತ್ರ ಕಟ್ಟಿಕೊಳ್ಳಿ. ನಿಮ್ಮ ಪತ್ರ ಬಂದು ಬಹಳ ದಿನವಾದರೂ ನಾನು ಉತ್ತರ ಬರೆಯಲಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಕೂತಾಗಲೆಲ್ಲ ನಿಮ್ಮ ಕೊನೆಯ ಸಾಲು ಕಣ್ಣಿಗೆ ಬಿದ್ದು ಕೈ ನಿಂತುಬಿಡುತ್ತಿತ್ತು. ಮಗ್ಗ ಮಾರಿ ಸೊಲ್ಲಾಪುರಕ್ಕೆ ಬಾ ಎಂದಿದ್ದೀರಿ. ಅದರ ಕೆಳಗೆ, ಸಭೆಯ ಹಿರಿಯನೆನಿಸಿಕೊಂಡ ನಿನ್ನ ಅಣ್ಣನ ಕೈಯಿಂದ ಕರ್ತನ ಭೋಜನದ ಬಟ್ಟಲು ತೆಗೆದುಕೊಂಡರೆ ಮಾತ್ರ ಬರಬೇಡ ಎಂದೂ ಬರೆದಿದ್ದೀರಿ.

ನಮ್ಮ ಮಗ ತಿಮೊಥಿ ತೀರಿಹೋಗಿ, ಬರುವ ಶ್ರಾವಣಕ್ಕೆ ಎರಡು ವರ್ಷವಾಗುತ್ತದೆ. ಗಲಗಲಿಯ ಹೊಳೆಯಲ್ಲಿ ಹರಗೋಲು ಮಗುಚಿದ ದಿನ ದಂಡೆಯ ಮೇಲಿದ್ದವರು ಕಂಡದ್ದು ಇಷ್ಟೆ: ಅಣ್ಣ ಏಲಿಯಪ್ಪ ಸೀರೆಯ ಗಂಟನ್ನು ಅಪ್ಪಿಕೊಂಡು ದಂಡೆಗೆ ಬಂದ, ಅವನ ಜೊತೆ ಸೀರೆ ಮಾರಲು ಹೋಗಿದ್ದ ನಮ್ಮ ಹುಡುಗ ಬರಲಿಲ್ಲ. ಗಂಟು ಉಳಿಸಿಕೊಂಡ, ಸೋದರಳಿಯನನ್ನು ಬಿಟ್ಟ ಎಂದು ಊರೆಲ್ಲ ಆಡಿಕೊಂಡಿತು. ನೀವು ಅವನ ಬಾಗಿಲಿಗೆ ಹೋಗಿ ಕೇಳಿದಿರಿ. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ತಲೆ ತಗ್ಗಿಸಿ ನಿಂತ. ಆ ವಾರವೇ ನೀವು ಸೊಲ್ಲಾಪುರದ ಗಾಡಿ ಹತ್ತಿದಿರಿ. ನಾನೂ ಅವನೊಡನೆ ಮಾತು ಬಿಟ್ಟೆ. ದಾರಿಯಲ್ಲಿ ಎದುರಾದರೆ ಅವನೇ ಗೋಡೆಯ ಕಡೆ ಸರಿದು ನನಗೆ ದಾರಿ ಬಿಡುತ್ತಾನೆ.

ನಾನು ದಿನಾ ಏಳುತ್ತೇನೆ. ಪಕ್ಕದ ಮನೆಯ ಕಸ್ತೂರೆವ್ವನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತೇನೆ. ಬೆಳಿಗ್ಗೆ ಬೈಬಲಿನ ಒಂದು ವಚನ ಓದಿ, ಆ ದಿನದ ಮಾತು ಎರಡು ಸಾಲು ಬರೆದಿಡುತ್ತೇನೆ. ಆಮೇಲೆ ಕರ್ತನ ಪ್ರಾರ್ಥನೆ ಹೇಳುತ್ತೇನೆ. ಈ ಹೊತ್ತಿನ ರೊಟ್ಟಿ ಕೇಳುವವರೆಗೆ ದನಿ ಬರುತ್ತದೆ. ಅದರ ಮುಂದೆ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುತ್ತದಲ್ಲ, ಅದನ್ನು ಹೇಳುವುದಿಲ್ಲ. ಆಮೆನ್ ಅಂದು ಎದ್ದುಬಿಡುತ್ತೇನೆ. ಹಾಗಿದ್ದರೂ ರೊಟ್ಟಿ ಬರುತ್ತಿದೆ, ಬಾವಿಯಿಂದ ನೀರು ಸೇದುವಷ್ಟು ಬಲವೂ ಬರುತ್ತಿದೆ. ಅರ್ಧ ಪ್ರಾರ್ಥನೆಗೆ ದೇವರು ಪೂರಾ ಯಾಕೆ ಕೊಡುತ್ತಾನೆ ಎಂದು ಕೆಲವು ಸಲ ಹೆದರಿಕೆಯಾಗುತ್ತದೆ.

ಇಲ್ಲಿ ಇನ್ನೊಂದು ತೊಡಕಾಗಿದೆ. ವಿಜಾಪುರದ ಪಾದ್ರಿಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಸಭೆಯವರೆಲ್ಲ ಒಂದೇ ಬಟ್ಟಲಿನಿಂದ ಕುಡಿಯುವ ಕರ್ತನ ಭೋಜನದ ಹಿಂದಿನ ದಿನ ಮನೆ ಮನೆಗೆ ಬಂದು, ಎಲ್ಲರೊಡನೆ ಸಮಾಧಾನ ಇದೆಯೋ ಎಂದು ಕೇಳುತ್ತಾರೆ. ಒಂದು ಮನೆ ಇಲ್ಲ ಅಂದರೂ ಮೇಜಿನ ಮೇಲೆ ಬಟ್ಟೆ ಹಾಸುವುದಿಲ್ಲ. ನಮ್ಮ ಸಭೆಯಲ್ಲಿ ಇರುವುದೇ ಬೆರಳೆಣಿಕೆಯ ಮನೆಗಳು: ನಾವು, ಅಣ್ಣ, ಜಮಖಂಡಿಯ ಕಂಪೌಂಡರರು, ಮುಧೋಳದ ಮಾಸ್ತರಬಾಯಿ. ಪ್ರತಿ ಸಲವೂ ನಾನು ಇಲ್ಲ ಅನ್ನುತ್ತ ಬಂದಿದ್ದೇನೆ. ನನ್ನ ಒಂದು ಮಾತಿಗೆ ಅವರೆಲ್ಲ ಬಟ್ಟಲಿಲ್ಲದೆ ತಿರುಗಿ ಹೋಗುತ್ತಿದ್ದಾರೆ.

ಆ ಬಟ್ಟೆ ನಮ್ಮ ಟ್ರಂಕಿನಲ್ಲಿಯೇ ಇದೆ. ತಿಮೊಥಿ ಮಗ್ಗ ಕಲಿತ ವರ್ಷ ನೇಯ್ದದ್ದು. ಅಂಚಿನಲ್ಲಿ ಒಂದು ಎಳೆ ತಪ್ಪಿತೆಂದು ನೀವು ಮೊಳದಷ್ಟು ಬಿಚ್ಚಿಸಿ ಮತ್ತೆ ನೇಯಿಸಿದಿರಿ. ಅದು ಸರಿಯಾಗುವವರೆಗೆ ಒಳಗೆ ಊಟಕ್ಕೆ ಬರಬೇಡ ಎಂದಿರಿ. ನಾನು ಪಡಸಾಲೆಗೆ ಊಟದ ತಾಟು ತಂದುಕೊಟ್ಟಾಗ ಅವನು ನಗುತ್ತಿದ್ದ. "ಒಂದು ಎಳಿ ತಪ್ಪಿದರ ಅಪ್ಪನ ಮನಿಯೊಳಗ ಜಾಗಾ ಇಲ್ಲ ಬೇ ಯವ್ವಾ" ಅಂದ. ನಾನೂ ನಕ್ಕೆ. ಬಟ್ಟೆ ಮಾತ್ರ ಹಾಲಿನ ಕೆನೆಯ ಹಾಗೆ ಬಂತು.

ಕಂಪೌಂಡರರ ತಾಯಿ ಮಾರ್ಥವ್ವನಿಗೆ ಈಗ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಈಸ್ಟರ್ ಹಬ್ಬಕ್ಕಾದರೂ ಬಟ್ಟಲು ಮುಟ್ಟಿ ಸಾಯಬೇಕು ಎಂದು ಹಟ ಹಿಡಿದಿದ್ದಾಳೆ. ಮಗನ ಕೈಯಲ್ಲಿ ನನಗೆ ಹೇಳಿಕಳಿಸಿದ್ದು ಹೀಗೆ: "ಕರುಣವ್ವನ್ನ ಕೇಳು, ಆ ಬಟ್ಟಿ ನನ್ನ ಹೆಣಕ್ಕ ಹೊದಿಸಾಕ ಇಟ್ಕೊಂಡಾಳೇನ ಅಂತ."

ಹಳೆಯ ಮಗ್ಗ ಕೊಳ್ಳುವ ಮಲಕಾಜಪ್ಪ ನೋಡಲು ಬಂದಿದ್ದ. ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯಲ್ಲಿ ಇಣುಕಿ, ಸತ್ತ ಮಗ್ಗ ತನಗೆ ಬೇಡ, ಉದ್ದೆಳೆಗಳ ಹೊಸ ಹಾಸು ಹಚ್ಚಿ ನಾಲ್ಕು ಬೆರಳು ನೇಯ್ದು ತೋರಿಸಿದರೆ ಒಯ್ಯುತ್ತೇನೆ ಅಂದ. ತಿಮೊಥಿಯ ಕೊನೆಯ ಹಾಸಿನ ತುದಿಗಳು ಮಗ್ಗದ ಹಣಿಗೆಯಲ್ಲಿ ಇನ್ನೂ ಹಾಗೆಯೇ ಇವೆ. ಅವುಗಳಿಗೇ ಹೊಸ ಎಳೆ ಕೂಡಿಸಬೇಕು. ಹಾಗೆ ಎಳೆಗೆ ಎಳೆ ಹೊಸೆದು ಕೆಚ್ಚು ಹಾಕುವ ಶಿದ್ರಾಮಪ್ಪ ಕೈ ಮುರಿದುಕೊಂಡು ಮಲಗಿದ್ದಾನೆ. ಬೇರೆ ಯಾರನ್ನಾದರೂ ನೋಡುತ್ತೇನೆ.

ಹಬ್ಬದ ಹಿಂದಿನ ದಿನ ಪಾದ್ರಿಗಳು ಕೇಳಲು ಬರುತ್ತಾರೆ. ನೀವು ಹೇಳಿದಂತೆ ಸಮಾಧಾನ ಇಲ್ಲ ಎಂದೇ ಹೇಳಬೇಕೆಂದಿದ್ದೇನೆ. ಮಾರ್ಥವ್ವನ ಮುಖ ಒಂದೇ ಕಣ್ಣ ಮುಂದೆ ಬರುತ್ತದೆ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ಕರುಣವ್ವ


ಬನಹಟ್ಟಿ
೧೯ ಏಪ್ರಿಲ್ ೧೯೫೪, ಸೋಮವಾರ

ನನ್ನ ಮನೆಯವರಿಗೆ ವಂದನೆಗಳು.

ನಿನ್ನೆ ಹಬ್ಬವಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಿಟ್ಟು ಬಂದರೆ ಪತ್ರ ಮಡಿಸಿಡಿ, ಹರಿಯಬೇಡಿ, ಆಮೇಲೆ ಓದಿ.

ಬುಧವಾರ ಕಸ್ತೂರೆವ್ವ ಬಂದು, ಕೆಚ್ಚು ಹಾಕುವವರು ಸಿಕ್ಕಿದ್ದಾರೆ, ಎಳೆ ಬಿಡಿಸಿ ಕೊಡಲು ಕೂತುಕೋ ಎಂದಳು. ಹೊಸ ಹಾಸನ್ನೂ ಅವಳ ಗಂಡ ಚನಮಲ್ಲಪ್ಪನೇ ಹೊತ್ತು ತಂದ. ಅವನ ಹಿಂದೆ ಬಾಗಿಲಲ್ಲಿ ನಿಂತಿದ್ದವನು ಅಣ್ಣ. ನಾನು ಕಸ್ತೂರೆವ್ವನ ಮುಖ ನೋಡಿದೆ. "ಹಂಗ್ಯಾಕ ನೋಡ್ತೀ? ಮಗ್ಗ ಮಾರಾಕ ಹೊಂಟಾಕಿ ನೀನು. ನಿಮ್ಮ ಸಿಟ್ಟು ಎಳಿಗೇನ ಗೊತ್ತಾಗತೈತಿ?" ಎಂದು ಸೆರಗು ಕೊಡವಿ ಹೋಗಿಬಿಟ್ಟಳು.

ಅಣ್ಣ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ನಾನು ಎಳೆಗಳ ಈಚೆ ಕೂತೆ. ಮಧ್ಯೆ ಬೂದಿಯ ಪರಟೆ. ನಾನು ಹೊಸ ಎಳೆ ಬಿಡಿಸಿ ಕೊಡುವುದು, ಅವನು ಬೂದಿ ಮುಟ್ಟಿದ ಬೆರಳಿನಿಂದ ಅದನ್ನು ತಿಮೊಥಿಯ ಎಳೆಗೆ ಹೊಸೆಯುವುದು. ಆ ಕೆಲಸ ಹಿಡಿದರೆ ನಡುವೆ ಏಳುವ ಹಾಗಿಲ್ಲ ಎಂದು ನಿಮಗೆ ಗೊತ್ತು. ಎದ್ದರೆ ಬಿಡಿಸಿದ್ದೆಲ್ಲ ಸಿಕ್ಕಾಗುತ್ತದೆ. ಅವನ ಕೂದಲು ಪೂರ್ತಿ ಬೆಳ್ಳಗಾಗಿದೆ. ಇಷ್ಟು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಬಿಸಿಲು ಬಾಗಿಲು ದಾಟಿ ಒಳಗೆ ಬರುವವರೆಗೆ ಎಳೆ ಕೊಡುವುದು, ಹೊಸೆಯುವುದು ನಡೆಯಿತು. ಆಮೇಲೆ ಅವನು ತಲೆ ಎತ್ತದೆ ಹೇಳಿದ:

"ಕರುಣಾ, ಜನಾ ಅನ್ನೂದು ಸುಳ್ಳೈತಿ. ಖರೆ ಅದಕ್ಕಿಂತ ಕೆಟ್ಟದ್ದೈತಿ."

ಹರಗೋಲು ಮಗುಚಿದಾಗ ಅವನು ಮುಳುಗುತ್ತಿದ್ದನಂತೆ. ಅವನಿಗೆ ಈಜು ಬರುವುದಿಲ್ಲ. ತಿಮೊಥಿಯೇ ಮೇಣಗಪ್ಪಡ ಸುತ್ತಿದ ಗಂಟನ್ನು ತಂದು ಅವನ ಎದೆಯ ಕೆಳಗೆ ತಳ್ಳಿ, ಇದು ತೇಲುತ್ತದೆ, ಬಿಡಬೇಡ ಅಂದನಂತೆ. ತಾನೂ ಅದರ ಮೂಲೆ ಹಿಡಿದು ಕಾಲು ಬಡಿಯುತ್ತ ದಂಡೆಯ ಕಡೆ ತರುತ್ತಿದ್ದನಂತೆ. ಆ ಹೊತ್ತಿಗೆ ಮಾರಲೆಂದು ಸಾವಕಾರರು ಕೊಟ್ಟಿದ್ದ ಸೀರೆಯ ಇನ್ನೊಂದು ಗಂಟು ಸೆಳವಿಗೆ ಸಿಕ್ಕು ಹೋಗುತ್ತಿರುವುದು ಅಣ್ಣನಿಗೆ ಕಂಡಿತು.

"ತಿಮ್ಮಾ, ಆ ಗಂಟು ಹೊಂಟತಿ ನೋಡೋ, ಅಂದೆ. ಅಷ್ಟ ಅಂದೆ. ಹೋಗು ಅನ್ನಲಿಲ್ಲ. ಆದರ ಅಂದರ ಹೋಗ್ತಾನಂತ ನನಗ ಗೊತ್ತಿತ್ತು."

ನನ್ನ ಬೆರಳುಗಳ ನಡುವೆ ಎಳೆಗಳಿದ್ದವು. ಏಳಲಾಗಲಿಲ್ಲ. ಅವನನ್ನು ಇನ್ನೊಂದು ಮಾತು ಕೇಳಿದೆ. ಹೇಳಲೊಲ್ಲ. ಮತ್ತೆ ಕೇಳಿದೆ, ಹೇಳಿದ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಆಗ ಪಕ್ಕದಲ್ಲಿದ್ದ ಕತ್ತರಿ ತೆಗೆದುಕೊಂಡು ತಿಮೊಥಿಯ ಎಳೆಗಳ ಕೆಳಗೆ ಹಾಕಿದೆ. ಕತ್ತರಿಸಿದ್ದರೆ ಆ ಮಗ್ಗವೂ ಮುಗಿಯುತ್ತಿತ್ತು, ಅಣ್ಣ ತಂಗಿ ಎಂಬುದೂ ಮುಗಿಯುತ್ತಿತ್ತು, ಇನ್ನೂ ಏನೇನೋ ಮುಗಿಯುತ್ತಿತ್ತು. ಅಣ್ಣ ಎರಡೂ ಕೈ ಹಿಂದೆ ತೆಗೆದುಕೊಂಡ. "ಕತ್ತರಸಬೇ. ನಾ ಏನೂ ಅನ್ನಾಂಗಿಲ್ಲ" ಅಂದ.

ಬಾಯಲ್ಲಿ ಪ್ರಾರ್ಥನೆ ತಾನಾಗಿಯೇ ಬಂತು. ಈ ಹೊತ್ತಿನ ರೊಟ್ಟಿಯ ಹತ್ತಿರ ಬಂದು ನಿಂತಿತು. ಇಷ್ಟು ದಿನ ಅದನ್ನು ಹೇಳಿದ್ದರೂ ನನಗೆ ಹೊಳೆಯದ ಒಂದು ಮಾತು ಆಗ ಹೊಳೆಯಿತು. ನಾವು ಕೇಳುವುದು ಈ ಹೊತ್ತಿನ ರೊಟ್ಟಿಯನ್ನು ಮಾತ್ರ. ಹುಟ್ಟಿದಾಗಿನಿಂದ ಸಾಯುವವರೆಗಿನ ರೊಟ್ಟಿಯನ್ನು ಯಾರೂ ಒಂದೇ ಸಲ ಕೇಳುವುದಿಲ್ಲ. ಹಾಗಾದರೆ ಕ್ಷಮೆಯನ್ನು ಮಾತ್ರ ಜೀವಮಾನಕ್ಕಾಗುವಷ್ಟು ಒಂದೇ ದಿನ ನನ್ನ ಎದೆಯಿಂದ ತೆಗೆದುಕೊಡು ಎಂದು ದೇವರು ಕೇಳುತ್ತಾನೆಯೇ? ಈ ಹೊತ್ತಿಗಾಗುವಷ್ಟು ಕೊಡು ತಂದೆಯೇ, ನಾಳೆಯದನ್ನು ನಾಳೆ ಬಂದು ಕೇಳುತ್ತೇನೆ ಎಂದೆ. ಎದೆಯ ಕಿಚ್ಚು ಆರಿತು ಎಂದು ಬರೆದರೆ ಸುಳ್ಳಾಗುತ್ತದೆ, ಆರಲಿಲ್ಲ. ಕತ್ತರಿ ಕೆಳಗಿಟ್ಟೆ, ಅಷ್ಟೆ. ಮುಂದಿನ ಎಳೆ ಬಿಡಿಸಿ ಕೊಟ್ಟೆ. ಅಣ್ಣನ ಕಣ್ಣೀರು ಬೂದಿಯಲ್ಲಿ ಬಿದ್ದು ಬೂದಿ ಮುದ್ದೆಯಾಯಿತು. ಬೇರೆ ಬೂದಿ ತರಲು ಕಸ್ತೂರೆವ್ವನನ್ನು ಕೂಗಿದೆ. ಅವಳು ಗೋಡೆಯ ಆಚೆಯೇ ನಿಂತಿದ್ದಳು.

ಗುರುವಾರ ಬೆಳಿಗ್ಗೆ ಆ ದಿನದ ಪಾಲನ್ನು ಮತ್ತೆ ಕೇಳಿಕೊಂಡೆ. ಶುಕ್ರವಾರ ಕೇಳಿಕೊಳ್ಳಲು ಮನಸ್ಸಾಗಲಿಲ್ಲ. ಕರ್ತನು ಶಿಲುಬೆಗೇರಿದ ಆ ದಿನ ಮಧ್ಯಾಹ್ನದವರೆಗೆ ಕದ ಹಾಕಿಕೊಂಡು ಕೂತೆ, ಆಮೇಲೆ ಕೇಳಿಕೊಂಡೆ. ಶನಿವಾರ ಪಾದ್ರಿಗಳು ಬಂದು, ಕರುಣವ್ವ, ಸಮಾಧಾನ ಇದೆಯೇನವ್ವ ಎಂದರು. ಅವರು ಛತ್ರಿಯನ್ನು ಕೆಳಗೆ ಇಡದೆಯೇ ಕೇಳಿದರು. ಪ್ರತಿ ಸಲದ ಉತ್ತರಕ್ಕೇ ಬಂದಿದ್ದರೆಂದು ಕಾಣುತ್ತದೆ.

"ಇವತ್ತಿಗೆ ಐತ್ರಿ" ಎಂದೆ.

ಅವರು ಛತ್ರಿ ಗೋಡೆಗೆ ಒರಗಿಸಿ ಕೂತರು. "ಇವತ್ತಿಂದು ಇವತ್ತಿಗೆ ಸಾಕವ್ವ. ನಾಳಿ ಮುಂಜಾನೆ ಮತ್ತ ಕೇಳಾಕ ಬರ್ತೀನಿ" ಅಂದರು. ಹೇಳಿದಂತೆ ರವಿವಾರ ನಸುಕಿನಲ್ಲೇ ಬಂದು ಬಾಗಿಲಲ್ಲಿ ನಿಂತರು. ನಾನು ಟ್ರಂಕು ತೆರೆದು ಬಟ್ಟೆ ತೆಗೆದು ಅವರ ಕೈಗೆ ಕೊಟ್ಟೆ.

ಅಣ್ಣನ ಪಡಸಾಲೆಯಲ್ಲಿ ಮೇಜಿಟ್ಟು ಬಟ್ಟೆ ಹಾಸಿದರು. ಮಾರ್ಥವ್ವನನ್ನು ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಕರೆತಂದಿದ್ದರು. ಹಿರಿಯನಾಗಿ ಬಟ್ಟಲು ಹಿಡಿದು ಬರುವವನು ಅಣ್ಣನೇ. ಮಾರ್ಥವ್ವನಿಗೆ ಕುಡಿಸಿ ನನ್ನ ಮುಂದೆ ಬಂದು ನಿಂತ. ಬಟ್ಟಲು ನಡುಗಿ ಒಂದು ಹನಿ ನನ್ನ ಸೆರಗಿನ ಮೇಲೆ ಬಿತ್ತು. ಹಿಂದೆ ಸರಿಯಲು ಆಗಲೂ ಅವಕಾಶವಿತ್ತು, ನಿಮ್ಮ ಪತ್ರದ ಸಾಲು ಆಗಲೂ ಕಣ್ಣ ಮುಂದಿತ್ತು. ನಾನು ಅವನ ಕೈಗಳ ಮೇಲೆ ನನ್ನ ಕೈಯಿಟ್ಟು ಬಟ್ಟಲನ್ನು ನಿಲ್ಲಿಸಿ ಕುಡಿದೆ.

ಹೊರಡುವಾಗ ಮಾರ್ಥವ್ವ ನನ್ನನ್ನು ಚಕ್ಕಡಿಯ ಹತ್ತಿರ ಕರೆದು, "ಈಗ ಆ ಬಟ್ಟಿ ನನಗ ಹೊದಿಸಿದರೂ ನಡೀತೈತಿ ನೋಡವ್ವಾ" ಎಂದಳು. ಅದು ಮುಂದಿನ ಭೋಜನಕ್ಕೆ ಬೇಕು, ನೀನೂ ಬರಬೇಕು ಎಂದೆ.

ಇವತ್ತು ಮಲಕಾಜಪ್ಪ ಬಂದಿದ್ದ. ನಾಲ್ಕು ಬೆರಳು ನೇಯ್ದು ತೋರಿಸಿದೆ, ಮಾರುವುದಿಲ್ಲ ಎಂದೂ ಹೇಳಿದೆ. ಅವನು ಗೊಣಗುತ್ತ ಹೋದ.

ನಿಮ್ಮ ಮಾತು ಮೀರಿದ್ದೇನೆ. ಬಟ್ಟಲು ತೆಗೆದುಕೊಂಡರೆ ಬರಬೇಡ ಎಂದಿದ್ದಿರಿ, ಬರುವುದಿಲ್ಲ. ನಿಮ್ಮನ್ನು ಬಿಟ್ಟೆ ಎಂದು ಮಾತ್ರ ತಿಳಿಯಬೇಡಿ. ಸಾವಿನಿಂದ ಎದ್ದ ಕರ್ತನು ನಿಮ್ಮ ಉಸಿರಿಗೆ ಬಲ ಕೊಡಲಿ, ಒಬ್ಬರೇ ಇರುವಲ್ಲಿ ನಿಮ್ಮ ಜೊತೆಗಿರಲಿ.

ನಿಮ್ಮ
ಕರುಣವ್ವ

ತಾ.ಕ. ಅಣ್ಣನನ್ನು ನಾನು ಕೇಳಿದ ಆ ಇನ್ನೊಂದು ಮಾತನ್ನು ಬರೆಯದೆ ಈ ಪತ್ರ ಅಂಟಿಸಲಾರೆ. ಹೋಗುವ ಮುಂಚೆ ಹುಡುಗ ಏನಾದರೂ ಅಂದನೇ ಎಂದು ಕೇಳಿದ್ದೆ. "ಗಂಟು ಬಿಟ್ಟ ಹೋದರ ಅಪ್ಪ ಮನಿಯೊಳಗ ನನ್ನ ಕರಕೊಳ್ಳೂದಿಲ್ಲ, ಮಾವಾ" ಎಂದು ಹೇಳಿ ತಿರುಗಿ ಈಜಿದನಂತೆ. ನೀವು ಬಾಗಿಲಿಗೆ ಹೋಗಿ ಕೇಳಿದ ದಿನ ಅಣ್ಣ ತಲೆ ತಗ್ಗಿಸಿ ನಿಂತದ್ದು ಇದಕ್ಕೇ. ಊರ ಬಾಯಿಗೆ ಬಿದ್ದರೂ ನಿಮ್ಮ ಕಿವಿಗೆ ಇದು ಬೀಳಬಾರದು ಎಂದು ಬಾಯಿ ಬಿಗಿಹಿಡಿದಿದ್ದ. ಈಗಲೂ ಬರೆಯಬೇಡ ಎಂದು ನನ್ನ ಕೈ ಹಿಡಿದುಕೊಂಡ. ಆದರೆ ಇದನ್ನು ಬಚ್ಚಿಟ್ಟುಕೊಂಡು ನಿಮಗೆ ಹೇಗೆ ಬಡಿಸಲಿ, ನಿಮ್ಮ ಪಕ್ಕದಲ್ಲಿ ಹೇಗೆ ಪ್ರಾರ್ಥಿಸಲಿ? ಕತ್ತರಿ ಎತ್ತಿದ್ದು ಅಣ್ಣನ ತಪ್ಪಿಗಲ್ಲ, ಈ ಮಾತಿಗೆ. ಅಂದಿನಿಂದ ದಿನಾ ಬೆಳಿಗ್ಗೆ ಅಣ್ಣನಿಗೆ, ನಿಮಗೆ, ಇಬ್ಬರಿಗೂ ಕೊಡುವಷ್ಟು ಕ್ಷಮೆಯನ್ನು ಕೇಳಿಕೊಳ್ಳುತ್ತಿದ್ದೇನೆ. ಇವತ್ತು ನಿಮ್ಮ ಪಾಲಿನದು ತಡವಾಗಿ ಬಂತು, ಆದರೆ ಬಂತು. ಬನ್ನಿ. ನಾನು ಮನೆಯೊಳಗೆ ಕರೆದುಕೊಳ್ಳುತ್ತೇನೆ.