ಒಡೆದ ಷಡ್ಜದ ಆಚೆಗೆ

ಧಾರವಾಡ
ಎರಡು ಸಾವಿರದ ನೂರ ಅರವತ್ತೊಂದನೇ ಇಸವಿ, ಫೆಬ್ರವರಿ ಮೂವತ್ತು

ಪ್ರೀತಿಯ ಶಾಂಭವಿ ಅಜ್ಜಿಗೆ,

ನಿನಗಿನ್ನೂ ಹತ್ತೊಂಬತ್ತು, ಅಜ್ಜಿ ಎಂದರೆ ಸಿಟ್ಟು ಬಂದೀತು. ನಾನು ನಿನ್ನ ತಂಗಿ ಗೌತಮಿಯ ಮರಿಮೊಮ್ಮಗ ಚೆನ್ನವೀರ, ವಯಸ್ಸು ಎಪ್ಪತ್ತೊಂದು. ತಾರೀಖು ನೋಡಿ ಗಾಬರಿಯಾಗಬೇಡ, ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದವನ್ನು ಹಬ್ಬಗಳಿಗೆ ಬಿಟ್ಟಿದ್ದೇವೆ. ಹೀಗೆ ಹಿಂದಿನವರಿಗೆ ಬರೆಯುವುದಕ್ಕೆ ಹಿಂದೋಲೆ ಎನ್ನುತ್ತಾರೆ, ಜೀವಮಾನಕ್ಕೆ ಒಂದೇ. ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ.

ಇಲ್ಲಿ ಹಾಡುವವರೆಲ್ಲ ಕೊರಳಿಗೆ ಸ್ವರಗಾವಲು ಕಟ್ಟಿಕೊಳ್ಳುತ್ತಾರೆ. ಗುಲಗಂಜಿಯಷ್ಟು ಯಂತ್ರ, ದನಿ ಜಾರುವ ಮೊದಲೇ ಹಿಡಿದು ನೆಟ್ಟಗೆ ಮಾಡುತ್ತದೆ. ಬಾಗಿಲಾಚೆ ನಿಂತು ಕೇಳಿದರೆ ಹಾಡುತ್ತಿರುವುದು ಮಗಳೋ ಸೊಸೆಯೋ ತಿಳಿಯುವುದಿಲ್ಲ.

ನನಗೆ ಗುರು ಇರಲಿಲ್ಲ. ಹತ್ತು ವರ್ಷದವನಿದ್ದಾಗ, ತೀರಿಕೊಂಡ ಗೌತಮಜ್ಜಿಯ ಟ್ರಂಕಿನಲ್ಲಿ ನಿನ್ನ ಮೊಬೈಲ್ ಸಿಕ್ಕಿತು. ಅದರೊಳಗೆ ನೀನು ಹಾಡಿಟ್ಟ ನಾಲ್ಕು ನಿಮಿಷದ ಯಮನ್ ರಾಗವೇ ನನ್ನ ಪಾಠಶಾಲೆ. ಹಿಂದೆ ತಂಬೂರಿ, ಕುಕ್ಕರಿನ ಸೀಟಿ, ಬೀದಿಯಲ್ಲಿ ಆಟೋದ ಹಾರ್ನು. ಆಟೋ ಎಂಬುದನ್ನು ನಾನು ಕಂಡೇ ಇಲ್ಲ. ಆದರೂ ಆ ಸದ್ದು ಕೇಳಿದರೆ ಮನೆಗೆ ಬಂದಂತಾಗುತ್ತದೆ. ಮೇಲಿನ ಷಡ್ಜಕ್ಕೆ ಏರುವಾಗ ನಿನ್ನ ದನಿ ಒಡೆಯುತ್ತದೆ. ಅದೂ ರಾಗದ್ದೇ ಎಂದುಕೊಂಡು ಆ ಒಡಕನ್ನು ಮೂರು ವರ್ಷ ಸಾಧನೆ ಮಾಡಿದೆ! ತಪ್ಪು ತಿಳಿಯುವಷ್ಟರಲ್ಲಿ ಅದು ಕೊರಳಲ್ಲಿ ಕೂತುಬಿಟ್ಟಿತ್ತು. ಈಗ ನನ್ನ ಹತ್ತಿರ ಕಲಿಯುವ ಮಕ್ಕಳೂ ಗಾವಲು ಬಿಚ್ಚಿಟ್ಟು ಅದನ್ನೇ ಹಾಡುತ್ತಾರೆ. ಕೇಳುವವರು ಕಣ್ಣೊರೆಸಿಕೊಳ್ಳುತ್ತಾರೆ.

ನೀನು ಮಾತ್ರ ಆ ಸಂಜೆ ದನಿ ಒಡೆದಲ್ಲಿಗೇ ನಿಲ್ಲಿಸಿದೆ. ಆಮೇಲೆ ಕೇಳಿಸುವುದು ನಿನ್ನ ಬೈಗುಳ:

"ಥೂ ಕತ್ತೆ! ನಾಳೆ ಕಾಲೇಜಿನ್ಯಾಗ ಎಲ್ಲಾರ ಮುಂದ ಹಿಂಗ ಒದರತೀಯೇನ? ಪರೀಕ್ಷಾಕ್ಕ ಹೋಗೂದ ಬ್ಯಾಡ."

ಯಾರಿಗೋ ಬೈಯುತ್ತಿದ್ದೀ ಎಂದುಕೊಂಡಿದ್ದೆ. ನಿನಗೆ ನೀನೇ ಎಂದು ದೊಡ್ಡವನಾದ ಮೇಲೆ ತಿಳಿಯಿತು. ಆಗ ಪುಟ್ಟ ಗೌತಮಿಯ ದನಿ: "ಯಕ್ಕಾ, ನಾ ತಪ್ಪಿದ್ರ 'ಇರ್ಲಿ ಬಿಡವಾ, ಮತ್ತ ಹಾಡು' ಅಂತಿ. ನಿನಗ ಯಾಕ ಕತ್ತೆ ಅಂತಿ?"

ನೀನು ಮೂಗು ಎಳೆದುಕೊಂಡ ಸದ್ದು. ಧ್ವನಿಮುದ್ರಿಕೆ ಅಲ್ಲಿಗೆ ಮುಗಿಯುತ್ತದೆ.

ಮರುದಿನ ಹೋದೆಯೋ ಇಲ್ಲವೋ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ನನ್ನ ಒಂದೇ ಓಲೆಯನ್ನು ಆ ಸಂಜೆಗೆ ಕಳಿಸುತ್ತಿದ್ದೇನೆ. ನಮ್ಮ ಮಕ್ಕಳು ವೇದಿಕೆ ಹತ್ತುವ ಮುನ್ನ ತಮ್ಮ ಹೆಸರು ಹಿಡಿದು ತಮಗೇ "ಇರ್ಲಿ ಬಿಡವಾ" ಅಂದುಕೊಳ್ಳುತ್ತಾರೆ. ಗಂಡುಹುಡುಗರೂ "ಬಿಡವಾ" ಅಂತಲೇ! ಆದರೂ ಹೆದರಿಕೆ ಹೋಗುವುದಿಲ್ಲ. ಹೆದರುತ್ತಲೇ ಹಾಡುತ್ತಾರೆ.

ನಾಳೆ ಹೋಗು ತಾಯಿ. ಮೊಬೈಲನ್ನು ಗೌತಮಿಯ ಕೈಗೆ ಕೊಟ್ಟು ರೆಕಾರ್ಡ್ ಮಾಡಲು ಹೇಳು. ದನಿ ಒಡೆದರೆ ಒಡೆಯಲಿ, ನಿಲ್ಲಿಸಬೇಡ. ಅರವತ್ತು ವರ್ಷದಿಂದ ಆ ಒಡಕಿನ ತನಕ ಬಂದು ನಿಂತಿದ್ದೇನೆ. ಮುಂದಿನದನ್ನು ಕೇಳಬೇಕು.

ನಿನ್ನ
ಚೆನ್ನವೀರ